ತಪ್ಪಿನ ತವರು

ಅಮ್ಮನ ಕೊರಳಲ್ಲಿ ಸದಾ ಇಳಿಬಿದ್ದಿರುತ್ತಿದ್ದ ಅಳತೆಯ ಟೇಪಿಗೆ ಮೊದಲ ಇಂಚು ಇರಲಿಲ್ಲ. ಐದನೆಯ ವಯಸ್ಸಿನಲ್ಲಿ, ಕತ್ತರಿ ಹಿಡಿದರೆ ಬೆರಳುಗಳಿಗೂ ಬಾಯಿ ಬರುತ್ತದೆಂದು ಕಂಡುಕೊಂಡ ಒಂದು ಮಧ್ಯಾಹ್ನ, ಮಗಳೇ ಅದನ್ನು ಕಚಕ್ಕನೆ ಕತ್ತರಿಸಿ ಹಾಕಿದ್ದಳು. ಅಮ್ಮ ಬೈಯಲಿಲ್ಲ, ಟೇಪನ್ನು ಬದಲಾಯಿಸಲೂ ಇಲ್ಲ. ಕೈಗೆ ಒಗ್ಗಿದ್ದು ಎಂದಷ್ಟೇ ಹೇಳಿ, ಅಂದಿನಿಂದ ಎಲ್ಲ ಅಳತೆಯನ್ನೂ ಟೇಪು ತೋರಿಸಿದಂತೆಯೇ, ಅಂದರೆ ಒಂದು ಇಂಚು ಹೆಚ್ಚಾಗಿಯೇ, ಪುಸ್ತಕದಲ್ಲಿ ಬರೆದುಕೊಂಡು, ಬಟ್ಟೆಗೆ ಕತ್ತರಿ ಹಾಕುವ ಹೊತ್ತಿಗೆ ಒಂದನ್ನು ಕಳೆಯುವ ಪದ್ಧತಿ ಇಟ್ಟುಕೊಂಡಳು. ಹದಿನಾರು ವರ್ಷಗಳಲ್ಲಿ ಅವಳ ಅಂಗಡಿಯಿಂದ ಅಳತೆ ತಪ್ಪಿದ ಬಟ್ಟೆ ಒಂದೂ ಹೊರಗೆ ಹೋಗಿರಲಿಲ್ಲ. ಆದರೆ ಹೊರಗಿನವರು ಯಾರಾದರೂ ಆ ಪುಸ್ತಕಗಳನ್ನು ತೆರೆದಿದ್ದರೆ, ಬೀದಿಯ ಜನರೆಲ್ಲ ಇದ್ದದ್ದಕ್ಕಿಂತ ಒಂದು ಇಂಚು ದೊಡ್ಡವರಾಗಿ ಕಾಣುತ್ತಿದ್ದರು.

ಅಂಥ ಮನೆಯಲ್ಲಿ ಬೆಳೆದ ಹುಡುಗಿಗೆ ಕಾಲೇಜಿನಲ್ಲಿ 'ಸೂಜಿ' ಎಂಬ ಹೆಸರು ಬಿದ್ದದ್ದರಲ್ಲಿ ಆಶ್ಚರ್ಯವೇನಿಲ್ಲ. ಸಣ್ಣ ದೇಹ, ಚುರುಕು ಮಾತು, ಚೀಲದಲ್ಲಿ ಯಾವಾಗಲೂ ಒಂದು ದಾರದುಂಡೆ. ನಾಲ್ಕು ವರ್ಷದ ಕಂಪ್ಯೂಟರ್ ಪದವಿ ಅದು. ಮೊದಲ ಎರಡು ವರ್ಷ ಎಲ್ಲರಿಗೂ ಒಂದೇ ಪಾಠ. ಆಮೇಲೆ ನಾಲ್ಕು ಶಾಖೆ: ಸುರಕ್ಷತೆ, ದತ್ತಾಂಶ, ಆಟಗಳು, ಪರೀಕ್ಷಣೆ. ಎರಡನೆಯ ವರ್ಷದ ಕೊನೆಗೆ ಪ್ರತಿಯೊಬ್ಬರೂ ಸ್ವಂತವಾಗಿ ಬರೆದ ಒಂದು ಪ್ರೋಗ್ರಾಂ ಒಪ್ಪಿಸಬೇಕು. ಅದಕ್ಕೆ ಬಂದ ಅಂಕದ ಮೇಲೆ ಶಾಖೆ. ಸುರಕ್ಷತೆಗೆ ಎಲ್ಲರೂ ಬಾಯಿ ಬಿಡುತ್ತಿದ್ದರು. ಪರೀಕ್ಷಣೆಗೆ ಬೀಳುವವರು ಉಳಿದವರು, ಸೋತವರು, ನೆಲಮಾಳಿಗೆಯಲ್ಲಿ ಸ್ಕೂಟರ್ ನಿಲ್ಲಿಸುವ ಜಾಗದ ಪಕ್ಕದ ಕೋಣೆಯಲ್ಲಿ ಕೂತು ಬೇರೆಯವರ ತಪ್ಪು ಹುಡುಕುವವರು. ಮೇಲಿನ ಮಹಡಿಯವರು ಅವರನ್ನು 'ಪೊರಕೆ ಪಾರ್ಟಿ' ಎಂದು ಕರೆಯುತ್ತಿದ್ದರು.

ಸೂಜಿಗೆ ಸುರಕ್ಷತೆ ಬೇಕಿತ್ತು. ಅದೇ ಶಾಖೆ ಬೇಕಿದ್ದ ಇನ್ನೊಬ್ಬಳು ಅವಳ ದೊಡ್ಡಮ್ಮನ ಮಗಳು, ಏಳು ತಿಂಗಳಿಗೆ ಹಿರಿಯಳು, ಮನೆಯಲ್ಲಿ ಎಲ್ಲರ ಬಾಯಲ್ಲೂ ಪುಟ್ಟಕ್ಕ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಹೊದಿಕೆ ಎಳೆದಾಡಿ ಬೆಳೆದವರು. ಆ ವರ್ಷದ ರಜೆಯಲ್ಲಿ ಸೂಜಿಯ ಹಳೆಯ ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು. "ನಮ್ಮನೇಗೆ ಬಾರೇ, ನನ್ ಕಂಪ್ಯೂಟರ್ ಸುಮ್ನೆ ಕೂತಿರತ್ತೆ," ಎಂದಳು ಪುಟ್ಟಕ್ಕ. ಆರು ವಾರ ಸೂಜಿ ದಿನಾ ಬೆಳಿಗ್ಗೆ ದೊಡ್ಡಮ್ಮನ ಮನೆಗೆ ಹೋಗಿ, ಪುಟ್ಟಕ್ಕನ ಮೇಜಿನಲ್ಲಿ, ಪುಟ್ಟಕ್ಕನ ಖಾತೆಯಲ್ಲಿಯೇ ಕೂತು ಬರೆದಳು. ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕಾಯುವ ರೋಗಿಗಳನ್ನು ಒಬ್ಬೊಬ್ಬರಾಗಿ ಸರದಿಯಲ್ಲಿ ಒಳಗೆ ಕರೆಯುವ ಪ್ರೋಗ್ರಾಂ ಅದು. ಪುಟ್ಟಕ್ಕ ಮಂಚದ ಮೇಲೆ ಬೋರಲಾಗಿ ಮಲಗಿ ನೋಡುತ್ತಿದ್ದಳು.

ಒಪ್ಪಿಸುವ ಕೊನೆಯ ದಿನಕ್ಕೆ ಮೊದಲೇ, ಅದೇ ಪ್ರೋಗ್ರಾಮನ್ನು ಪುಟ್ಟಕ್ಕ ತನ್ನ ಹೆಸರಿನಲ್ಲಿ ಒಪ್ಪಿಸಿದ್ದಳು.

ಒಂದೇ ಬಗೆಯ ಎರಡು ಕೃತಿ ಬಂದಾಗ ಸಮಿತಿ ಕೂತಿತು. ಯಂತ್ರದ ಚರಿತ್ರೆಯನ್ನು ತೆಗೆದು ನೋಡಿದರು: ಯಾವ ದಿನ, ಯಾವ ಗಂಟೆ, ಯಾರು ಬರೆದದ್ದು. ಆರು ವಾರದ ಪ್ರತಿಯೊಂದು ಸಾಲಿನ ಎದುರಿಗೂ ಪುಟ್ಟಕ್ಕನ ಹೆಸರೇ. ಸಾಲುಗಳ ಒಳಗೆ ಏನಿದೆಯೆಂದು ಯಾರೂ ಓದಲಿಲ್ಲ, ದಿನಾಂಕ ಓದಿದರು. ವಿಭಾಗದ ಮುಖ್ಯಸ್ಥೆ, ಬಿಳಿ ಕೂದಲನ್ನು ಗಂಟು ಕಟ್ಟಿದ ಕಟ್ಟುನಿಟ್ಟಿನ ಹೆಂಗಸು, ಒಂದು ಹಾಳೆಯನ್ನು ಸೂಜಿಯ ಮುಂದಿಟ್ಟರು. "ಸಹಿ ಮಾಡಿದ್ರೆ ಕಾಲೇಜಲ್ಲಿ ಉಳೀತೀಯ. ಇಲ್ಲ ಅಂದ್ರೆ ಮನೆಗೆ." ಹಾಳೆಯಲ್ಲಿ ಎರಡೇ ಸಾಲು: 'ನಾನು ಇನ್ನೊಬ್ಬರ ಕೆಲಸವನ್ನು ನಕಲು ಮಾಡಿದ್ದೇನೆ. ಇದಕ್ಕಾಗಿ ವಿಷಾದಿಸುತ್ತೇನೆ.' ಸೂಜಿ ಸಹಿ ಮಾಡಿದಳು. ಸೊನ್ನೆ ಅಂಕ, ನೆಲಮಾಳಿಗೆ, ಪೊರಕೆ.

ಇದಿಷ್ಟನ್ನೂ ಅವಳು ನುಂಗಿಕೊಳ್ಳಬಹುದಿತ್ತೇನೋ. ನುಂಗಲಾಗದ್ದು ಬೇರೆ. ಅಂದು ಸಂಜೆ ಅಂಗಡಿಯಲ್ಲಿ ಅಮ್ಮ ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಿಂದ ನಿಲ್ಲಿಸಿ, ತಲೆಯೆತ್ತದೆ ಕೇಳಿದ್ದಳು:

"ನಿಜ ಹೇಳು ಮಗಳೇ. ನೋಡಿ ಬರದ್ಯಾ?"

"ಇಲ್ಲಮ್ಮ."

"ಮತ್ತೆ ಸಹಿ ಯಾಕ್ ಹಾಕ್ದೆ?"

ಸೂಜಿ ನೆಲದ ಮೇಲಿನ ದಾರದ ತುಂಡುಗಳನ್ನು ಆರಿಸತೊಡಗಿದಳು. ಅಮ್ಮ ಚಕ್ರವನ್ನು ಬಿಟ್ಟಳು, ಯಂತ್ರ ಮತ್ತೆ ಓಡಿತು. ಆಮೇಲೆ ಆ ಮಾತನ್ನು ಅವಳು ಎಂದೂ ಎತ್ತಲಿಲ್ಲ. ನಂಬಿದಳೋ ಇಲ್ಲವೋ ಎಂಬುದು ಅವರಿಬ್ಬರ ನಡುವೆ ಎರಡು ವರ್ಷ ಇಸ್ತ್ರಿ ಕಾಣದ ಬಟ್ಟೆಯಂತೆ ಮುದುಡಿ ಬಿದ್ದಿತ್ತು. ದೊಡ್ಡಮ್ಮನಂತೂ ಬಂದುಹೋಗುವವರ ಎದುರಿಗೆಲ್ಲ ಲೊಚಗುಟ್ಟುತ್ತಿದ್ದಳು: "ಪಾಪ, ಆಸೆ ಪಟ್ಬಿಡ್ತು ಮಗು. ನಮ್ ಹುಡುಗಿ ಏನೂ ಮನಸ್ಸಲ್ಲಿ ಇಟ್ಕೊಂಡಿಲ್ಲಪ್ಪ."

ಸೂಜಿ ಮನಸ್ಸಿನಲ್ಲಿ ಇಟ್ಟುಕೊಂಡಳು. ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಅದನ್ನು ಹೊರತೆಗೆದು, ತಿಕ್ಕಿ, ಮತ್ತೆ ಒಳಗಿಡುತ್ತಿದ್ದಳು. ದ್ವೇಷಕ್ಕೂ ಒಂದು ಆರೈಕೆ ಬೇಕು. ಕುಂಡದ ಗಿಡಕ್ಕೆ ನೀರೆರೆದಷ್ಟೇ ನಿಯಮದಿಂದ ಅವಳು ಅದನ್ನು ಸಾಕಿದಳು.

ನೆಲಮಾಳಿಗೆಯ ಕೋಣೆಯನ್ನು ಆಳುತ್ತಿದ್ದವರು ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಮೇಷ್ಟ್ರು. "ಈ ಮನೇಲಿ ಎಣಿಕೆ ಸೊನ್ನೆಯಿಂದ," ಎಂಬುದು ಅವರ ಮೊದಲ ದಿನದ ಮೊದಲ ಮಾತಾದ್ದರಿಂದ ಅವರು ಸೊನ್ನೆ ಮೇಷ್ಟ್ರು. ಎರಡನೆಯ ಮಾತು ಹೀಗಿತ್ತು: "ತಪ್ಪು ಹುಡುಕೋದು ದೊಡ್ಡ ವಿಷಯ ಅಲ್ರಪ್ಪ, ನೆರೆಹೊರೆಯವರೆಲ್ಲ ಅದನ್ನೇ ಮಾಡ್ತಾರೆ. ತಪ್ಪು ಎಲ್ಲಿ ಹುಟ್ತು, ಯಾರ ಮಡಿಲಲ್ಲಿ ಬೆಳೀತು, ಅದನ್ನ ಹೇಳಿ. ಆಗ ನಿಮ್ಮನ್ನ ಪರೀಕ್ಷಕರು ಅಂತೀನಿ." ಅವರು ಮಾಡಿಸಿದ ವರದಿಯ ನಮೂನೆಯ ಕೊನೆಯ ಪುಟದಲ್ಲಿ ಒಂದು ಖಾಲಿ ಚೌಕವಿತ್ತು. ಅದರ ತಲೆಬರಹ: 'ತಪ್ಪಿನ ತವರು'. ತಪ್ಪು ಮಾಡಿದವನ ತಲೆಯೊಳಗೆ ಯಾವ ಅಭ್ಯಾಸ, ಯಾವ ಅವಸರ, ಯಾವ ಭಯ ಅದನ್ನು ಹೆತ್ತಿತು ಎಂಬುದನ್ನು ಅಲ್ಲಿ ಬರೆಯಬೇಕು. ಆ ಪುಟ ಖಾಲಿ ಬಿಟ್ಟವರ ವರದಿಯನ್ನು ಅವರು ಮುಟ್ಟುತ್ತಲೇ ಇರಲಿಲ್ಲ.

ಆ ಕಾಲೇಜಿನಲ್ಲಿ ಇನ್ನೊಂದು ಪದ್ಧತಿ ಇತ್ತು. ಕೊನೆಯ ವರ್ಷದ ಕೊನೆಯ ತಿಂಗಳಲ್ಲಿ 'ಒಡೆಯುವ ವಾರ'. ಮೇಲಿನ ಮೂರು ಶಾಖೆಯವರು ಮಾಡಿದ ಕೃತಿಗಳೆಲ್ಲ ಆ ವಾರ ನೆಲಮಾಳಿಗೆಗೆ ಇಳಿದು ಬರಬೇಕು. ಚೀಟಿ ಎತ್ತಿ ಒಬ್ಬೊಬ್ಬ ಪರೀಕ್ಷಕನಿಗೆ ಒಂದೊಂದು. ಏಳು ದಿನದಲ್ಲಿ ಒಡೆಯಬೇಕು. ತಪ್ಪು ಸಿಕ್ಕರೆ ಆರನೆಯ ದಿನ ಕೃತಿ ಮಾಡಿದವರಿಗೆ ಒಂದು ಮುನ್ಸೂಚನೆಯ ಚೀಟಿ ಕೊಡಬೇಕು. ಅವರಿಗೆ ಸರಿಪಡಿಸಲು ಒಂದೇ ದಿನ, ಆಮೇಲೆ ಪರೀಕ್ಷಕ ಅದನ್ನು ಮುಟ್ಟುವಂತಿಲ್ಲ. ಎಂಟನೆಯ ದಿನ ಎಲ್ಲರೆದುರು ಪ್ರದರ್ಶನ. ಮನೆಯವರನ್ನೂ ಕರೆಯುತ್ತಿದ್ದರು.

ಪುಟ್ಟಕ್ಕನ ಕೃತಿಯ ಚೀಟಿ ಸೂಜಿಗೆ ಬರಲಿಲ್ಲ. ಅದು ಬಂದದ್ದು ಪಕ್ಕದ ಮೇಜಿನ 'ಗೂಬೆ'ಗೆ. ತರಗತಿಯಲ್ಲಿ ಕಣ್ಣು ತೆರೆದೇ ನಿದ್ದೆ ಮಾಡುವ ಕಲೆ ಅವನಿಗೆ ಸಿದ್ಧಿಸಿತ್ತು.

"ಗೂಬೆ, ನಂಗೆ ಕೊಡೋ ಅದನ್ನ."

"ಯಾಕೆ? ನಂದೇ ಚೆನ್ನಾಗಿದೆ. ಸುರಕ್ಷತೆಯವ್ರದ್ದು. ಏನೂ ಸಿಗಲ್ಲ, ಆರಾಮಾಗಿ ನಿದ್ದೆ ಮಾಡ್ಬಹುದು."

"ನಿನ್ ಚೀಲದ ಜಿಪ್ಪು ಹರ್ದು ಎರಡು ವರ್ಷ ಆಯ್ತು. ಪಿನ್ನು ಹಾಕ್ಕೊಂಡು ಓಡಾಡ್ತೀಯ. ಈ ವಾರನೇ ಹೊಸದು ಹಾಕ್ಕೊಡ್ತೀನಿ."

ಗೂಬೆ ಯೋಚಿಸಿದ. "ಒಳಗಿನ ಜೇಬೂ ಹರ್ದಿದೆ."

"ಅದೂ."

ಬದಲಾವಣೆಗೆ ಸೊನ್ನೆ ಮೇಷ್ಟ್ರ ಒಪ್ಪಿಗೆ ಬೇಕಿತ್ತು. ಅವರು ಎರಡು ಚೀಟಿಗಳನ್ನೂ ಹಿಡಿದು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು.

"ಈ ಹುಡುಗಿ ನಿಂಗೆ ಸಂಬಂಧ ಅಲ್ವೇನಮ್ಮ?"

"ಇತ್ತು ಸರ್."

ಮೇಷ್ಟ್ರು ಕನ್ನಡಕ ಏರಿಸಿಕೊಂಡರು. ಚೀಟಿಯ ಹಿಂದೆ ತಮ್ಮ ಅಂಕಿತ ಹಾಕಿ ಕೊಟ್ಟರು.

ಪುಟ್ಟಕ್ಕನ ಕೃತಿ ಒಂದು ಕೋಟೆಯಂತಿತ್ತು. ಆಸ್ಪತ್ರೆಗೆ ಬರುವ ರೋಗಿಗಳ ಸರದಿ, ಅವರ ಹೆಸರು, ಅವರ ಕಾಯಿಲೆ ಇವನ್ನು ಯಾರೂ ಕದಿಯದಂತೆ ಸುತ್ತ ಏಳು ಬೀಗ. ಪಕ್ಕದ ಬೀದಿಯ ಆಸ್ಪತ್ರೆ ಅದನ್ನು ಬಳಸಲು ಆಗಲೇ ಒಪ್ಪಿತ್ತು. ಸೂಜಿ ಮೊದಲ ನಾಲ್ಕು ದಿನ ಬೀಗಗಳ ಮೇಲೆ ಬಿದ್ದಳು. ಒಂದೂ ಅಲ್ಲಾಡಲಿಲ್ಲ. ಬೆರಳಚ್ಚು, ಗುಪ್ತಪದ, ಗೂಢಲಿಪಿ ಎಲ್ಲವೂ ಅಚ್ಚುಕಟ್ಟು. ಈ ಎರಡು ವರ್ಷದಲ್ಲಿ ಪುಟ್ಟಕ್ಕ ನಿಜವಾಗಿ ಕಲಿತಿದ್ದಳು, ಚೆನ್ನಾಗಿಯೇ ಕಲಿತಿದ್ದಳು. ಕಳ್ಳರು ಕೊನೆಯವರೆಗೂ ದಡ್ಡರಾಗಿಯೇ ಉಳಿಯಬೇಕಿತ್ತು.

ಐದನೆಯ ದಿನ ಏಳೂ ಬೀಗಗಳನ್ನು ಬಿಟ್ಟು, ಪರೀಕ್ಷಕರಿಗೆಂದೇ ಕೊಡುವ ಕೀಲಿಯಿಂದ ಕೋಟೆಯ ಒಳಮನೆಗೆ ಹೋದಳು. ಅಲ್ಲಿ, ನಟ್ಟನಡುವೆ, ಎರಡು ವರ್ಷದ ಹಿಂದೆ ಅವಳೇ ಬರೆದ ಸಾಲುಗಳು ಹಾಗೆಯೇ ಕೂತಿದ್ದವು. ತಾನು ಹೊಲಿದ ಅಂಗಿಯನ್ನು ಬೀದಿಯಲ್ಲಿ ಬೇರೆ ಯಾರದೋ ಮಗುವಿನ ಮೈಮೇಲೆ ಕಂಡ ಹಾಗಾಯಿತು. ಬಟನ್ನು ಕೂಡ ಬದಲಾಗಿರಲಿಲ್ಲ.

ಸಾಲು ಸಾಲಾಗಿ ಓದುತ್ತ ಹೋದವಳು ಒಂದು ಕಡೆ ತಡೆದಳು. ಟೋಕನ್ ಒಂದು ಹಿಡಿದ ರೋಗಿಯನ್ನು ಪ್ರೋಗ್ರಾಂ ತನ್ನ ಪಟ್ಟಿಯಲ್ಲಿ ಎರಡು ಎಂದು ಬರೆದುಕೊಳ್ಳುತ್ತಿತ್ತು. ಎರಡನೆಯವನನ್ನು ಮೂರು ಎಂದು. ಹತ್ತನೆಯವನನ್ನು ಹನ್ನೊಂದು ಎಂದು. ಕೂಗಿ ಕರೆಯುವ ಹೊತ್ತಿಗೆ ಒಂದನ್ನು ಕಳೆದು ಸರಿಯಾದ ಸಂಖ್ಯೆ ಹೇಳುತ್ತಿತ್ತು. ಯಾವ ಪುಸ್ತಕದಲ್ಲೂ ಇಲ್ಲದ, ಯಾವ ಮೇಷ್ಟ್ರೂ ಹೇಳಿಕೊಡದ ಪದ್ಧತಿ. ಬರೆಯುವಾಗ ಅವಳಿಗೆ ಅದು ವಿಚಿತ್ರವೆಂದು ಹೊಳೆದಿರಲೇ ಇಲ್ಲ. ಬರೆದುಕೊಳ್ಳುವಾಗ ಒಂದು ಹೆಚ್ಚು, ಕತ್ತರಿ ಹಾಕುವಾಗ ಒಂದು ಕಡಿಮೆ: ಲೆಕ್ಕವೆಂದರೆ ಹಾಗೆಯೇ ಅಲ್ಲವೇ?

ಹಾಗಾದರೆ, ಯಾರಾದರೂ ನಡುವೆ ಎದ್ದುಹೋದರೆ? ಅವಳು ಟೋಕನ್ ಒಂದನ್ನು ರದ್ದು ಮಾಡಿ ನೋಡಿದಳು. ಪ್ರೋಗ್ರಾಂ ಉಳಿದವರ ಪಟ್ಟಿಯನ್ನು ಹೊಸದಾಗಿ ಬರೆಯುವಾಗ ಒಮ್ಮೆ ಒಂದನ್ನು ಕಳೆಯಿತು, ಕರೆಯುವಾಗ ಇನ್ನೊಮ್ಮೆ ಕಳೆಯಿತು. ಎದ್ದುಹೋದ ಒಂದನೆಯವನನ್ನೇ ಮೊದಲು ಕರೆದು, ಒಂಬತ್ತರವರೆಗೆ ಕರೆದು, ಸರದಿ ಮುಗಿಯಿತು ಎಂದಿತು. ಹತ್ತನೆಯವನು ಎಲ್ಲಿಯೂ ಇರಲಿಲ್ಲ. ಆಸ್ಪತ್ರೆಯ ಬಾಗಿಲು ಹಾಕಿದರೂ ಬೆಂಚಿನ ಮೇಲೆ ಟೋಕನ್ ಹಿಡಿದು ಕೂತೇ ಇರುವ ಒಬ್ಬ ಮನುಷ್ಯ.

ಸೂಜಿಯ ಕಿವಿ ಬಿಸಿಯಾಯಿತು. ತಪ್ಪು ಅವಳದೇ. ಆದರೆ ನಾಚಿಕೆ ಒಂದು ಗಳಿಗೆಯೂ ನಿಲ್ಲಲಿಲ್ಲ, ಅದರ ಬೆನ್ನ ಹಿಂದೆಯೇ ಒಂದು ಕ್ರೂರವಾದ ಸಂತೋಷ ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಿತು. ದಿನಾಂಕ ಪುಟ್ಟಕ್ಕನದು, ಹೆಸರು ಪುಟ್ಟಕ್ಕನದು, ಯಂತ್ರ ಪುಟ್ಟಕ್ಕನದು. ಇಡೀ ಪ್ರಪಂಚದಲ್ಲಿ ತನ್ನದೆಂದು ಸಾಧಿಸಬಹುದಾದ್ದು ಈ ತಪ್ಪು ಒಂದೇ.

ಆರನೆಯ ದಿನ ಬೆಳಿಗ್ಗೆ ಅವಳು ನಿಯಮದಂತೆ ಮುನ್ಸೂಚನೆ ಬರೆದಳು: 'ಟೋಕನ್ ಒಂದು ರದ್ದಾದರೆ ಕೊನೆಯ ರೋಗಿಯನ್ನು ಕರೆಯುವುದಿಲ್ಲ.' ಅಷ್ಟೇ. ಯಾಕೆಂದು ಬರೆಯಲಿಲ್ಲ, ಬರೆಯಬೇಕೆಂದು ನಿಯಮವೂ ಇರಲಿಲ್ಲ.

ಮಧ್ಯಾಹ್ನ ಪುಟ್ಟಕ್ಕ ನೆಲಮಾಳಿಗೆಗೆ ಇಳಿದು ಬಂದಳು. ಎರಡು ವರ್ಷದಲ್ಲಿ ಮೊದಲ ಸಲ. ಸ್ಕೂಟರುಗಳ ನಡುವೆ ದುಪಟ್ಟಾ ಎತ್ತಿ ಹಿಡಿದು ದಾಟಿ ಬಂದು, ಸೂಜಿಯ ಮೇಜಿನ ಎದುರು ನಿಂತಳು. ಸೂಜಿ ಗೂಬೆಯ ಚೀಲಕ್ಕೆ ಜಿಪ್ಪು ಹೊಲಿಯುತ್ತಿದ್ದಳು.

"ನೀನೇನಾ ನಂದು ನೋಡ್ತಿರೋದು?"

"ಹೂಂ."

"ಹೇಗಿದ್ದೀಯೇ? ಮನೆ ಕಡೆ ಬರೋದೇ ಬಿಟ್ಬಿಟ್ಟೆ."

"ಚೀಟಿ ತಲುಪ್ತಲ್ಲ?"

"ತಲುಪ್ತು." ಪುಟ್ಟಕ್ಕ ಎದುರಿನ ಸ್ಟೂಲು ಎಳೆದು ಕೂತಳು. ಧ್ವನಿ ತಗ್ಗಿಸಿದಳು. "ಬೆಳಿಗ್ಗೆಯಿಂದ ತಲೆ ಚಚ್ಕೊಂಡೆ ಕಣೇ. ಎಲ್ಲಿ ಎಡವ್ತಾ ಇದೆ ಅಂತ ಸಿಗ್ತಿಲ್ಲ. ಅದು ಯಾಕೆ ಒಂದು ಜಾಸ್ತಿ ಬರ್ಕೊಳತ್ತೆ?"

ಸೂಜಿ ದಾರವನ್ನು ಹಲ್ಲಿನಿಂದ ತುಂಡರಿಸಿದಳು. "ನಿನ್ ಪ್ರೋಗ್ರಾಂ ತಾನೇ ಪುಟ್ಟಕ್ಕ. ನಿಂಗೇ ಗೊತ್ತಿರ್ಬೇಕು."

ಪಕ್ಕದ ಮೇಜಿನಲ್ಲಿ ಗೂಬೆ ಗೊರಕೆ ಹೊಡೆಯುತ್ತಿದ್ದ. ಪುಟ್ಟಕ್ಕನ ಕಣ್ಣು ಒದ್ದೆಯಾಯಿತು.

"ಆಗ ನಂಗೆ ಭಯ ಇತ್ತು ಕಣೇ. ಅಮ್ಮ ದಿನಾ ಕೇಳೋಳು, ಎಲ್ಲಿಗ್ ಬಂತು, ಎಲ್ಲಿಗ್ ಬಂತು ಅಂತ. ನಂದು ಏನೂ ಆಗಿರ್ಲಿಲ್ಲ. ಒಂದು ಸಲ ಹೇಳ್ಬಿಡೇ. ಆಸ್ಪತ್ರೆಯವ್ರು ಬರ್ತಾರೆ. ನಿನ್ ಕಾಲಿಗ್ ಬೀಳ್ತೀನಿ."

"ಕಾಲಿಗೆಲ್ಲ ಬೇಡ. ಅವತ್ತು ಸಮಿತಿ ಮುಂದೆ ಒಂದು ಮಾತು ಹೇಳಿದ್ರೆ ಸಾಕಿತ್ತು." ಸೂಜಿ ಜಿಪ್ಪನ್ನು ಒಮ್ಮೆ ಎಳೆದು ತೆರೆದಳು, ಒಮ್ಮೆ ಎಳೆದು ಮುಚ್ಚಿದಳು. ಸುಸೂತ್ರವಾಗಿ ಓಡಿತು. "ನಾಳೆ ಸಂಜೆ ತನಕ ಟೈಮ್ ಇದೆ ನಿಂಗೆ. ಒಬ್ಬಳೇ ಕೂತು ಯೋಚ್ನೆ ಮಾಡು. ನಾನು ಆರು ವಾರ ಹಾಗೇ ಕೂತಿದ್ದೆ."

ಪುಟ್ಟಕ್ಕ ಎದ್ದಳು. ಬಾಗಿಲ ಬಳಿ ತಿರುಗಿ, ಮುಖ ಒರೆಸಿಕೊಂಡು, ಹಳೆಯ ಪುಟ್ಟಕ್ಕನೇ ಆಗಿ ಅಂದಳು: "ಇಷ್ಟೊಂದು ಹೊಟ್ಟೆಕಿಚ್ಚು ಒಳ್ಳೇದಲ್ಲ ಕಣೇ. ಅದಕ್ಕೇ ನೀನು ಇಲ್ಲಿದ್ದೀಯ, ಸ್ಕೂಟರ್ ಪಕ್ಕ."

ಅವಳು ಏನು ಮಾಡುವಳೆಂದು ಸೂಜಿಗೆ ಗೊತ್ತಿತ್ತು. ಅರ್ಥವಾಗದ ಎರಡು ಕಳೆಯುವಿಕೆಗಳಲ್ಲಿ ಒಂದನ್ನು ಕಿತ್ತು ಹಾಕುತ್ತಾಳೆ, ಕರೆಯುವ ಜಾಗದ್ದನ್ನು. ಆಮೇಲೆ ಟೋಕನ್ ಒಂದನ್ನು ರದ್ದು ಮಾಡಿ ನೋಡುತ್ತಾಳೆ, ಸರಿಯಾಗಿ ಬರುತ್ತದೆ, ಕುಣಿಯುತ್ತಾಳೆ. ಯಾರೂ ರದ್ದು ಮಾಡದೆ, ಎಲ್ಲರೂ ಸುಮ್ಮನೆ ತಮ್ಮ ತಮ್ಮ ಜಾಗದಲ್ಲಿ ಕೂತಿರುವ ಸಾಧಾರಣ ದಿನವನ್ನು ಪರೀಕ್ಷಿಸುವುದು ಅವಳಿಗೆ ನೆನಪಾಗುವುದಿಲ್ಲ. ಸುರಕ್ಷತೆಯವರು ಕಳ್ಳರನ್ನು ಕುರಿತು ಯೋಚಿಸುತ್ತಾರೆ, ಮನೆಯವರನ್ನು ಕುರಿತಲ್ಲ.

ಹೇಳಬಹುದಿತ್ತು. ಆಗಲೂ, ಮರುದಿನವೂ ಹೇಳಬಹುದಿತ್ತು. ಸೂಜಿ ವರದಿಯ ಕೊನೆಯ ಪುಟ ತೆರೆದು, ಒಳ್ಳೆಯ ಪೆನ್ನು ತೆಗೆದುಕೊಂಡು, ಖಾಲಿ ಚೌಕದಲ್ಲಿ ದುಂಡಗಿನ ಅಕ್ಷರದಲ್ಲಿ ಬರೆಯತೊಡಗಿದಳು.

ಪ್ರದರ್ಶನದ ದಿನ ದೊಡ್ಡ ಕೊಠಡಿಯಲ್ಲಿ ಹತ್ತು ಕುರ್ಚಿಗಳನ್ನು ಸಾಲಾಗಿ ಇಟ್ಟಿದ್ದರು. ಅದು ಆಸ್ಪತ್ರೆಯ ಹೊರಕೋಣೆ. ಎದುರಿನ ಒಂಟಿ ಕುರ್ಚಿ ವೈದ್ಯರ ಕೋಣೆ. ಕರೆದವರು ಹೋಗಿ ಅಲ್ಲಿ ಒಂದು ಗಳಿಗೆ ಕೂತು, ಆಮೇಲೆ ಹಿಂದಿನ ಸಾಲಿಗೆ ಹೋಗಬೇಕು. ಆಸ್ಪತ್ರೆಯ ಹಿರಿಯ ನರ್ಸು, ಮುಖ್ಯಸ್ಥೆ, ಸೊನ್ನೆ ಮೇಷ್ಟ್ರು ಪಕ್ಕದ ಮೇಜಿನಲ್ಲಿದ್ದರು. ರೋಗಿಗಳಾಗಲು ಮನೆಯವರನ್ನು ಕರೆದಾಗ ದೊಡ್ಡಮ್ಮ ಎಲ್ಲರಿಗಿಂತ ಮೊದಲು ಎದ್ದು ಟೋಕನ್ ಒಂದು ತೆಗೆದುಕೊಂಡು ಮೊದಲ ಕುರ್ಚಿ ಹಿಡಿದಳು. ಹಿಂದಿನ ಸಾಲಿನತ್ತ ತಿರುಗಿ ತಂಗಿಯನ್ನು ಕೂಗಿದಳು:

"ಬಾರೇ ನೀನೂ, ಅಲ್ಲೇನ್ ಅವಿತ್ಕೊಂಡಿದ್ದೀಯ! ನಮ್ ಹುಡುಗಿ ಮಾಡಿದ್ದು, ಸಂಕೋಚ ಯಾಕೆ?"

ಅಮ್ಮ ಅಂಗಡಿಯಿಂದ ಹಾಗೆಯೇ ಎದ್ದು ಬಂದಿದ್ದಳು. ಕೊರಳಲ್ಲಿ ಟೇಪು ಇಳಿಬಿದ್ದೇ ಇತ್ತು. ಅಕ್ಕನ ಮಾತಿಗೆ ಎದುರಾಡಿ ಅಭ್ಯಾಸವಿಲ್ಲದ ಅವಳು ಹೋಗಿ, ಟೋಕನ್ ಹತ್ತು ಹಿಡಿದು, ಕೊನೆಯ ಕುರ್ಚಿಯ ಅಂಚಿನಲ್ಲಿ ಕೂತಳು.

ಪುಟ್ಟಕ್ಕ ಏಳು ಬೀಗಗಳನ್ನು ವಿವರಿಸಿದಳು. ನರ್ಸು ತಲೆದೂಗಿದರು. ಆಮೇಲೆ ಪ್ರೋಗ್ರಾಂ ಶುರುವಾಯಿತು. ಜೇನಿನಂಥ ಹೆಣ್ಣುಧ್ವನಿಯೊಂದು ಹೇಳಿತು: "ಸಂಖ್ಯೆ ಎರಡು, ದಯವಿಟ್ಟು ಒಳಗೆ ಬನ್ನಿ."

ಎರಡನೆಯ ಕುರ್ಚಿಯ ಮುದುಕರು ಅತ್ತಿತ್ತ ನೋಡಿ ಎದ್ದರು. "ಒಂದಲ್ವಾ ಮೊದ್ಲು?" ಎಂದಳು ದೊಡ್ಡಮ್ಮ. "ಸಂಖ್ಯೆ ಮೂರು," ಎಂದಿತು ಧ್ವನಿ. ನಾಲ್ಕು. ಐದು. ದೊಡ್ಡಮ್ಮ ಟೋಕನನ್ನು ಎತ್ತಿ ಹಿಡಿದು ಅಲ್ಲಾಡಿಸಿದಳು. "ಏ, ನಂದು! ನಾನ್ ಇಲ್ಲಿದೀನಿ!" ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪುಟ್ಟಕ್ಕ ಕೀಲಿಮಣೆಗೆ ಹಾರಿ, ಸರದಿಯನ್ನು ನಿಲ್ಲಿಸಿ ಒಂದನ್ನು ಕರೆಯಿಸಲು ಹೋದಳು. ಅವಳದೇ ಮೂರನೆಯ ಬೀಗ ಅವಳನ್ನು ತಡೆಯಿತು: "ಅನಧಿಕೃತ ಪ್ರಯತ್ನ. ಸರದಿಯನ್ನು ಬದಲಿಸಲು ಅನುಮತಿ ಇಲ್ಲ." ಅದೇ ಜೇನಿನ ಧ್ವನಿ. ಈಗ ಇಡೀ ಕೊಠಡಿ ನಕ್ಕಿತು. ಸೂಜಿ ನಗಲಿಲ್ಲ. ಗೋಡೆಗೆ ಒರಗಿ, ಬಾಯಾರಿದವಳು ಕೊನೆಯ ತೊಟ್ಟಿನವರೆಗೆ ಕುಡಿಯುವಂತೆ, ನೋಡುತ್ತಿದ್ದಳು.

ಕಡೆಗೆ ಅಮ್ಮನ ಹತ್ತೂ ಬಂತು. ಆದರೆ ಅದು ನಿಲ್ಲಲಿಲ್ಲ. "ಸಂಖ್ಯೆ ಹನ್ನೊಂದು, ದಯವಿಟ್ಟು ಒಳಗೆ ಬನ್ನಿ. ಸಂಖ್ಯೆ ಹನ್ನೊಂದು." ಇಲ್ಲದ ರೋಗಿಯನ್ನು ಧ್ವನಿ ಬೇಸರವಿಲ್ಲದೆ ಕರೆಯುತ್ತಲೇ ಹೋಯಿತು. ಹತ್ತು ಕುರ್ಚಿಗಳಲ್ಲಿ ಒಂಬತ್ತು ಖಾಲಿ. ಮೊದಲನೆಯದರಲ್ಲಿ, ಒಂದು ಎಂದು ಬರೆದ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು, ದೊಡ್ಡಮ್ಮ.

ಸೂಜಿ ವರದಿಯನ್ನು ಎತ್ತಿಕೊಂಡು ಮೇಜಿನತ್ತ ಒಂದು ಹೆಜ್ಜೆ ಇಟ್ಟಿದ್ದಳು. ಎರಡು ವರ್ಷದಿಂದ ಕನ್ನಡಿಯ ಮುಂದೆ ಆಡಿ ಆಡಿ ಸವೆದ ಮಾತುಗಳು ನಾಲಿಗೆಯ ತುದಿಯಲ್ಲಿದ್ದವು. ಅಷ್ಟರಲ್ಲಿ, ವೈದ್ಯರ ಕುರ್ಚಿಯಿಂದ ಆಗ ತಾನೇ ಎದ್ದಿದ್ದ ಅಮ್ಮ, ಯಾರಿಗೂ ಅಲ್ಲದಂತೆ, ಅಂಗಡಿಯಲ್ಲಿ ತನಗೆ ತಾನೇ ಹೇಳಿಕೊಳ್ಳುವ ಧ್ವನಿಯಲ್ಲಿ ಅಂದಳು:

"ಬರ್ಕೊಂಡಿದಾರೆ, ಒಂದು ಕಳೆಯೋದು ಮರ್ತಿದಾರೆ."

ಸೊನ್ನೆ ಮೇಷ್ಟ್ರು ತಲೆಯೆತ್ತಿದರು. "ಏನಂದ್ರಿ ತಾಯಿ?"

ಅಮ್ಮ ಗಾಬರಿಯಾದಳು. "ಏನಿಲ್ಲ ಸಾರ್. ನನ್ ಟೇಪಲ್ಲಿ ಮೊದಲ್ನೇ ಇಂಚಿಲ್ಲ. ನಾನು ಒಂದು ಜಾಸ್ತಿ ಬರ್ಕೊಂಡು, ಕತ್ತರಿಸೋವಾಗ ಕಳೀತೀನಿ. ಕಳೆಯೋದು ಮರೆತ್ರೆ ಹೀಗೇ ಆಗತ್ತೆ, ಎಲ್ಲ ಒಂದೊಂದು ಮುಂದಕ್ಕೆ ಹೋಗತ್ತೆ…" ಮಾತು ಅಲ್ಲಿಗೆ ನಿಂತಿತು. ಅಮ್ಮ ಪರದೆಯನ್ನು ನೋಡಿದಳು. ಕೊರಳ ಟೇಪನ್ನು ನೋಡಿಕೊಂಡಳು. ಆಮೇಲೆ ಬಹಳ ನಿಧಾನವಾಗಿ ತಿರುಗಿ ಮಗಳನ್ನು ನೋಡಿದಳು.

ಎರಡು ವರ್ಷ ಹಲ್ಲು ಕಚ್ಚಿ ಕಾದ ಗಳಿಗೆ ಅದು. ಆದರೆ ಕನ್ನಡಿಯ ಮುಂದಿನ ಆ ಮಾತುಗಳನ್ನು ಸೂಜಿ ಅಲ್ಲೇ ಬಿಟ್ಟಳು. ಆ ನೋಟದಲ್ಲಿ ಪ್ರಶ್ನೆ ಇರಲಿಲ್ಲ. ಇಷ್ಟು ದಿನ ಪ್ರಶ್ನೆಯನ್ನು ಇಟ್ಟುಕೊಂಡಿದ್ದೆನಲ್ಲ ಎಂಬ ಅಪರಾಧಿ ಭಾವ ಇತ್ತು.

ಅವಳು ವರದಿಯನ್ನು ಮೇಜಿನ ಮೇಲಿಟ್ಟಳು. ಸೊನ್ನೆ ಮೇಷ್ಟ್ರು ನೇರವಾಗಿ ಕೊನೆಯ ಪುಟಕ್ಕೆ ಹೋದರು. ಕೊಠಡಿ ಕೇಳುವಂತೆ ಓದಿದರು.

"ತಪ್ಪಿನ ತವರು: ನನ್ನ ತಾಯಿಯ ಹೊಲಿಗೆ ಅಂಗಡಿ. ಅವರ ಟೇಪಿನ ಮೊದಲ ಇಂಚನ್ನು ನಾನು ಐದನೆಯ ವಯಸ್ಸಿನಲ್ಲಿ ಕತ್ತರಿಸಿದೆ. ಒಂದು ಹೆಚ್ಚಾಗಿ ಬರೆದು ಆಮೇಲೆ ಕಳೆಯುವುದನ್ನು ಆ ಮನೆಯ ಹೊರಗೆ ಯಾರೂ ಮಾಡುವುದಿಲ್ಲ. ಎರಡು ಸಲ ಕಳೆದದ್ದು ನನ್ನ ತಪ್ಪು. ಒಂದು ಸಲವೂ ಕಳೆಯದಂತೆ ಮಾಡಿದ್ದು ಇದನ್ನು ತನ್ನದೆಂದು ಒಪ್ಪಿಸಿದವಳ ತಪ್ಪು."

ಮೇಷ್ಟ್ರು ಕನ್ನಡಕ ತೆಗೆದು ಪುಟ್ಟಕ್ಕನ ಕಡೆ ತಿರುಗಿದರು. "ಒಂದೇ ಪ್ರಶ್ನೆ ಮಗು. ನೀನು ಯಾಕೆ ಒಂದು ಹೆಚ್ಚಾಗಿ ಬರ್ಕೊಂಡೆ?"

ಪುಟ್ಟಕ್ಕ ತನ್ನ ಅಮ್ಮನನ್ನು ನೋಡಿದಳು. ದೊಡ್ಡಮ್ಮ ಇನ್ನೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ. "ನಂಗೊತ್ತಿಲ್ಲ ಸರ್," ಎಂದಳು ಪುಟ್ಟಕ್ಕ ಕೊನೆಗೆ. ಆಮೇಲೆ, ಇನ್ನೂ ಸಣ್ಣ ಧ್ವನಿಯಲ್ಲಿ: "ನಾನು ಬರ್ದಿದ್ದಲ್ಲ."

ಮುಖ್ಯಸ್ಥೆ ಅಂದೇ ತಮ್ಮ ಕೋಣೆಗೆ ಇಬ್ಬರನ್ನೂ ಕರೆಸಿ ಕಡತದಿಂದ ಹಳೆಯ ಹಾಳೆಯನ್ನು ತೆಗೆದರು. "ನಾವು ಒಳಗೆ ಓದ್ಬೇಕಿತ್ತು," ಎಂದರು. ಹರಿಯಲು ಹೊರಟರು.

"ಹರೀಬೇಡಿ ಮೇಡಂ," ಎಂದಳು ಸೂಜಿ. "ಅದನ್ನ ನೋಡಿ ಅವಳು ಒಂದು ಬರೀಲಿ. ಅದೇ ಎರಡು ಸಾಲು."

ಪುಟ್ಟಕ್ಕ ಬರೆದಳು. ನಡುವೆ ಒಂದು ಸಲ ತಲೆಯೆತ್ತಿದಳು. ಒಂದೇ ಹೊದಿಕೆಯಡಿ ಮಲಗಿದ್ದ ದಿನಗಳ ಮುಖ ಅದು; ಈಗ ಸಾಕು ಅನ್ನೇ, ಎಂದು ಕೇಳುವ ಮುಖ. ಸೂಜಿ ಅದನ್ನು ಗುರುತಿಸಿದಳು, ಅದಕ್ಕೆ ಒಂದು ಕ್ಷಣ ಕರಗಿದಳು ಕೂಡ. ಆಮೇಲೆ ಬೆರಳು ಚಾಚಿ ಹಾಳೆಯ ಕೆಳಗೆ ತೋರಿಸಿದಳು.

"ವಿಷಾದಿಸುತ್ತೇನೆ ಆದ್ಮೇಲೆ ಪೂರ್ಣವಿರಾಮ ಇದೆ."

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ದೊಡ್ಡಮ್ಮ ಅಂಗಡಿಗೆ ಬಂದಳು. ಕೈಯಲ್ಲಿ ರವಿಕೆಗೆಂದು ತಂದ ನೀಲಿ ರೇಷ್ಮೆಯ ಬಟ್ಟೆ. ಏನೂ ಆಗಿಲ್ಲವೆಂಬಂತೆ ಸ್ಟೂಲಿನ ಮೇಲೆ ಕೂತು ಬೆವರು ಒರೆಸಿಕೊಂಡಳು. "ಹುಡುಗ್ರ ಜಗಳ ಹುಡುಗ್ರಿಗೆ ಬಿಡೋಣ ಕಣೇ. ರಕ್ತ ಸಂಬಂಧ ಬಿಟ್ಕೊಡಕ್ಕಾಗತ್ತಾ? ನಿನ್ ಕೈಲಿ ಹೊಲ್ಸಿದ್ದೇ ನಂಗೆ ಕೂರೋದು. ಮದುವೆಗೆ ಹೋಗ್ಬೇಕು, ಎಲ್ಲರೂ ಬರ್ತಾರೆ."

"ಕೈ ಎತ್ತಕ್ಕ," ಎಂದಳು ಅಮ್ಮ. ಎದೆ, ಸೊಂಟ, ತೋಳು, ಕತ್ತು, ಎಂದಿನಂತೆ ಮೃದುವಾಗಿ ಟೇಪು ಸುತ್ತಿ ಅಳೆದು, ಟೇಪು ತೋರಿಸಿದ ಸಂಖ್ಯೆಗಳನ್ನು ಪುಸ್ತಕದಲ್ಲಿ ಬರೆದುಕೊಂಡಳು. ದೊಡ್ಡಮ್ಮ ತಂಗಿಯ ಗಲ್ಲ ಹಿಂಡಿ, ಹಗುರವಾಗಿ ಹೋದಳು.

ಅಮ್ಮ ನೀಲಿ ರೇಷ್ಮೆಯನ್ನು ಮೇಜಿನ ಮೇಲೆ ಹರಡಿ, ಅಂಗೈಯಿಂದ ಸವರಿ, ಸೀಮೆಸುಣ್ಣದಿಂದ ಗೆರೆ ಎಳೆಯತೊಡಗಿದಳು. ಎದುರಿಗೆ ಬಟ್ಟೆಯ ಅಂಚು ಹಿಡಿದು ನಿಂತಿದ್ದ ಸೂಜಿ ಪುಸ್ತಕವನ್ನು ನೋಡಿದಳು, ಗೆರೆಯನ್ನು ನೋಡಿದಳು. ಕತ್ತಿಗೆ ಇಳಿದ ಗೆರೆ, ತೋಳಿಗೆ ಹೋದ ಗೆರೆ. ಮತ್ತೊಮ್ಮೆ ಪುಸ್ತಕ ನೋಡಿದಳು.

"ಅಮ್ಮ, ಒಂದು ಕಳೀಲಿಲ್ಲ."

ಅಮ್ಮ ಕತ್ತರಿ ಎತ್ತಿಕೊಂಡಳು.

"ಗೊತ್ತು," ಎಂದಳು. "ಬಿಗಿಯಾಗಿ ಹಿಡ್ಕೋ."